ಶೀನ ಮರಕಾಲರ ಹೆಸರಿನ ಸೊಳ್ಳೆ

ಕಡಲು ಉಕ್ಕಿ ನೆಲವೇರಿದ ನೂರ ತೊಂಬತ್ತನೇ ವರ್ಷ, ಹಕ್ಕಿಯಿಲ್ಲದ ಬೇಸಿಗೆ.

ನಮ್ಮ ಅಜ್ಜನ ಅಜ್ಜನಿಗೂ ಅಜ್ಜನಾದ ಶೀನ ಮರಕಾಲರಿಗೆ, ನಿಮ್ಮ ಕುಡಿ ಮೂಕಾಂಬು ಬರೆಯುವುದು. ನಮ್ಮ ಕಾಲದ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ನಾನು ಕ್ಷಮೆ ಕೇಳುವುದು ಇದೊಂದಕ್ಕೇ.

ದ್ವೀಪದ ಗವಿಯ ಬಾಯಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗಿನ ಬಿರುಕಿನಲ್ಲಿ ಈ ಪತ್ರ ಇಡುತ್ತೇನೆ. ಅಲ್ಲಿನ ಕತ್ತಲೆಗೆ ನಿಮ್ಮ ಕಾಲವೂ ನಮ್ಮ ಕಾಲವೂ ಒಂದೇ. ನಾಳೆ ಬೆಳಿಗ್ಗೆ ನೀವು ಕತ್ತಿ ಹಿಡಿದು ಏಣಿ ಹತ್ತಿದಾಗ, ಹಕ್ಕಿಯ ಗೂಡಿಗಿಂತ ಮೊದಲು ಇದು ಕೈಗೆ ಸಿಗಲಿ.

ಆ ಹಕ್ಕಿ ನಿಮಗೆ ಗೊತ್ತಿರುವುದೇ. ಗುಬ್ಬಿಗಿಂತ ಸಣ್ಣದು, ಕಂದು ಬಣ್ಣ. ಕೊಂಬೆಯ ಮೇಲೆ ಕೂರಲು ಬಾರದ ಕಾಲು. ಬಂಡೆಗೆ ಉಗುರೂರಿ ನೇತಾಡುತ್ತದೆ. ಟಕ್ ಟಕ್ ಎಂದು ಸದ್ದು ಮಾಡಿ, ಅದು ಬಂಡೆಗೆ ಬಡಿದು ಮರಳುವುದನ್ನು ಕೇಳಿ ಕತ್ತಲಲ್ಲಿ ದಾರಿ ಹಿಡಿಯುತ್ತದೆ. ತಿಂಗಳಿಗೂ ಮಿಕ್ಕಿ ಉಗುಳನ್ನು ಎಳೆ ಎಳೆಯಾಗಿ ಸುತ್ತಿ, ಬಟ್ಟಲು ಮಾಡಿ, ಎರಡು ಮೊಟ್ಟೆ ಇಡುತ್ತದೆ. ಆ ಗೂಡನ್ನು ಸಾರು ಮಾಡಿ ಕುಡಿಯುವ ಸಿರಿವಂತರಿಗೆ ಮಾರಲು ನೀವು ಈಗಾಗಲೇ ಎರಡು ಸಲ ಕಿತ್ತಿದ್ದೀರಿ. ನಾಳೆ ಕೀಳುವುದು ಮೂರನೆಯದು, ಗವಿಯಲ್ಲಿ ಉಳಿದಿರುವ ಕೊನೆಯ ಗೂಡು. ಮರಿಗಳನ್ನು ಕಡಲಿಗೆಸೆದು, ದೋಣಿಯಲ್ಲಿ ಕೂತ ಹೆಂಡತಿಗೆ ನೀವು ಹೇಳುವ ಮಾತು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿದೆ: "ಉಗುಳಲ್ದನೇ ಮಾರಾಯ್ತಿ, ಇನ್ನೊಂದ್ ಕಟ್ಕಂತೊ ಬಿಡ್!"

ಕಟ್ಟಲಿಲ್ಲ, ಅಜ್ಜಯ್ಯ.

ದಿನವಿಡೀ ಹಾರುತ್ತಲೇ ಹುಳ ಹಿಡಿದು ತಿನ್ನುತ್ತಿದ್ದ ಬಾಯಿಗಳು ಹೋದವು, ಸೊಳ್ಳೆ ಬಂತು. ಹೊತ್ತು ಇಳಿದರೆ ನಾವು ಹೊಗೆಗೂಡು ಸೇರುತ್ತೇವೆ. ಅಂದರೆ ತೆಂಗಿನ ಸಿಪ್ಪೆಯ ಹೊಗೆ ತುಂಬಿಟ್ಟ, ಕಿಟಕಿಯಿಲ್ಲದ ಕೋಣೆ. ಉಣ್ಣುವುದು, ಕೆಮ್ಮುವುದು, ಮಲಗುವುದು ಎಲ್ಲ ಅಲ್ಲೇ. ನನ್ನ ತಮ್ಮ ಜ್ವರ ಬಂದು ಸತ್ತದ್ದೂ ಅಲ್ಲೇ. ಅಂದು ಅಮ್ಮ ಸೊಳ್ಳೆಗೆ ನಿಮ್ಮ ಹೆಸರಿಟ್ಟಳು. ಈಗ ಊರಿಡೀ ಅದೇ ಮಾತು: "ಬೆನ್ನ್ ಮೇಲ್ ಶೀನ ಕೂಕಂಡಿದ, ಹೊಯ್ಯಾ!" ಹಿರಿಯರನ್ನು ಏಕವಚನದಲ್ಲಿ ಕರೆಯುವವರಲ್ಲ ನಾವು, ನಿಮಗೊಬ್ಬರಿಗೆ ರಿಯಾಯಿತಿ. ನೀವು ದಿನಕ್ಕೆ ನೂರು ಸಲ ಸಾಯುತ್ತೀರಿ. ಹೆಚ್ಚು ಸಲ ಸಾಯಿಸಿದವಳು ನಾನೇ. ಒಮ್ಮೆಯೂ ಬೇಸರ ಬಂದಿಲ್ಲ.

ಮುಂದಿನ ತಿಂಗಳು ಮಗಳ ಹೆರಿಗೆ. ಗಂಡಾದರೆ ಹಿರಿಯರ ಹೆಸರಿಡುವುದು ಮನೆಯ ಪದ್ಧತಿ. ನಿಮ್ಮ ಹೆಸರು ಮಾತ್ರ ಇದುವರೆಗೆ ಯಾವ ತೊಟ್ಟಿಲನ್ನೂ ಕಂಡಿಲ್ಲ. ಆ ಒಂದು ಗೂಡು ಬಿಟ್ಟು ಏಣಿ ಇಳಿಯಿರಿ. ಗವಿಯೊಳಗೆ ಟಕ್ ಎಂಬ ಸದ್ದು ಕೇಳಿಸಿದರೆ, ಮಗುವಿನ ಕಿವಿಯಲ್ಲಿ ನಿಮ್ಮ ಹೆಸರನ್ನು ನಾನೇ ಹೇಳುತ್ತೇನೆ.

ಬರೆಯುವ ಕೈಯ ಮೇಲೆ ಈಗಷ್ಟೇ ಒಬ್ಬ ಶೀನ ಬಂದು ಕೂತಿದ್ದಾನೆ. ಇನ್ನೊಂದು ಕೈ ಎತ್ತಿ ಹಿಡಿದಿದ್ದೇನೆ. ಕಿವಿ ಗವಿಯ ಕಡೆಗಿದೆ, ಅಜ್ಜಯ್ಯ.