ವಿಹ್ರಾ ‘ಹೌದು’ ಎನ್ನಲಿಲ್ಲ

ಅಂಗವೈಕಲ್ಯ ಪರಿಶೀಲನಾ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ, ನನ್ನ ಮೊಮ್ಮಗಳು ವಿಹ್ರಾ ತಾನೇ ಮೆಟ್ಟಿಲು ಹತ್ತುತ್ತಾಳೆಂದು ತಮ್ಮ ಮಂಡಳಿ ಮೊಹರು ಒತ್ತಿದೆ. ಬಹಳ ಸಂತೋಷ. ಹನ್ನೊಂದು ವರ್ಷದಿಂದ ಅವಳನ್ನು ಹೊತ್ತು ತಿರುಗುತ್ತಿರುವ ನನಗೊಬ್ಬನಿಗೇ ಈ ಸುದ್ದಿ ತಲುಪಿರಲಿಲ್ಲ.

ನಡೆದದ್ದು ಇಷ್ಟು. ಲಿಫ್ಟಿಲ್ಲದ ತಮ್ಮ ಮೂರನೇ ಮಹಡಿಗೆ ಅವಳನ್ನು ಬೆನ್ನ ಮೇಲೆ ಹೊತ್ತು ತಂದು, ಕುರ್ಚಿಯಲ್ಲಿ ಕೂರಿಸಿ ಏದುಸಿರು ಬಿಡುತ್ತಿದ್ದೆ. ತಮ್ಮ ವೈದ್ಯರು ಕೇಳಿದರು: “ಏನ್ ಪುಟ್ಟೀ, ಮೆಟ್ಲು ಹತ್ತೀಯಾ?” ವಿಹ್ರಾಳ ಕತ್ತಿಗೆ ಬಲವಿಲ್ಲ; ತಲೆ ಅತ್ತಿಂದಿತ್ತ ಓಲಾಡಿತು. ನಮ್ಮ ಸ್ಲಿವೆನ್ ಊರಿನಲ್ಲಿ ಹುಟ್ಟಿದ ಯಾರಿಗಾದರೂ ಅದು ‘ಹೌದು’. ‘ಇಲ್ಲ’ ಎನ್ನಬೇಕಾದರೆ ನಾವು ತಲೆಯನ್ನು ಮೇಲಕ್ಕೆತ್ತುತ್ತೇವೆ. ಅವಳ ಕೈಲಾಗದ್ದೇ ಅದು. “ಜಾಣೆ ಕಣೇ” ಎನ್ನುತ್ತಾ ‘ಹತ್ತುತ್ತಾಳೆ’ ಎಂದು ಬರೆದೇಬಿಟ್ಟರು. ಅವಳ ಬಾಯಿಂದ ‘ಇಲ್ಲ’ ಹೊರಡುವಷ್ಟರಲ್ಲಿ “ಮುಂದಿನವ್ರು ಬನ್ನಿ” ಆಗಿತ್ತು. ನಾನು ಬಾಯಿ ಹಾಕಿದರೆ, “ತಾತಾ, ನಿಮ್ಮನ್ನ ಕೇಳ್ಲಿಲ್ಲ. ಮಗು ಉತ್ತರ ಕೊಟ್ಟಾಯ್ತು.”

ನಾನು ಓದಿದ್ದು ಎಂಟನೇ ತರಗತಿ. ನಲವತ್ತು ವರ್ಷ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡಿದವನು. ಆದರೂ ಅವಳ ಕಾಯಿಲೆಗೆ ಕಾರಣವೆಂದು ವರದಿಯಲ್ಲಿರುವ ಎ.ಎಸ್.ಸಿ.ಸಿ.3 ಎಂಬ ಜೀನಿನ ಕೆಲಸ ನನಗೆ ಒಂದೇ ಓದಿಗೆ ಅರ್ಥವಾಯಿತು, ಏಕೆಂದರೆ ಅದು ನನ್ನದೇ ಕೆಲಸ. ಡಿಎನ್‌ಎ ಎಂಬ ನಕ್ಷೆ ಹಾಳಾದರೆ ತಿದ್ದಲು ಕೈಜೋಡಿಸಬೇಕು. ಪ್ರೋಟೀನು ನೇಯುವ ರೈಬೋಸೋಮ್ ಎಂಬ ಮಗ್ಗ ನಡುವೆ ಸಿಕ್ಕಿಕೊಂಡರೆ ಬಿಡಿಸಿ ತೆಗೆಯಬೇಕು. ವಿಹ್ರಾಳಲ್ಲಿ ಆ ರಿಪೇರಿಯವನೇ ಹಾಸಿಗೆ ಹಿಡಿದಿದ್ದಾನೆ. ತಾವೋ ‘ಸುಧಾರಣೆ ನಿರೀಕ್ಷಿತ’ ಎಂದು ಬರೆದಿದ್ದೀರಿ. ಯಾರಿಂದ, ಸ್ವಾಮಿ? ನಾನು ಸ್ಪ್ಯಾನರು ಹಿಡಿದು ಒಳಗಿಳಿಯಲೇ?

‘ಮೆಟ್ಟಿಲು ಹತ್ತುತ್ತಾಳೆ’ ಎಂಬ ಆ ಒಂದು ಸಾಲಿನಿಂದಾಗಿ ಅವಳ ವಿದ್ಯುತ್ ಗಾಲಿಕುರ್ಚಿಯ ಅರ್ಜಿ ತಿರಸ್ಕೃತವಾಗಿದೆ. ಸೆಪ್ಟೆಂಬರ್ ಹದಿನೈದಕ್ಕೆ ಶಾಲೆ ತೆರೆಯುತ್ತದೆ. ಶಾಲೆಯವರು ಬಾಗಿಲಿಗೆ ಇಳಿಜಾರು ಕಟ್ಟಿಸಿ ಕಾಯುತ್ತಿದ್ದಾರೆ. ಅದರ ಮೇಲೆ ಉರುಳಲು ಕುರ್ಚಿಯಿಲ್ಲ. ನನ್ನ ಬೆನ್ನಿಗೆ ಎಪ್ಪತ್ತಮೂರು ತುಂಬಿತು.

ಈ ಪತ್ರವನ್ನು ಓದಿ ಹೇಳಿದಾಗ ವಿಹ್ರಾ ಒಂದೊಂದೇ ಮಾತು ಜೋಡಿಸಿ ಅಂದಳು: “ಬಯ್ಬೇಡ ತಾತಾ. ಪಾಪ, ಅವ್ರಿಗೂ ನಂದೇ ಕಾಯ್ಲೆ ಇರ್ಬೇಕು. ತಪ್ಪಾದ್ರೆ ತಿದ್ದಕ್ಕಾಗಲ್ಲ.”

ಹಾಗಲ್ಲವೆಂದು ತೋರಿಸಿ. ಶಾಲೆ ತೆರೆಯುವ ಮೊದಲು ಅದೇ ವೈದ್ಯರು ಮಹಡಿಯಿಂದ ಇಳಿದು ನಮ್ಮ ಮನೆಗೆ ಬಂದು ಅದೇ ಪ್ರಶ್ನೆ ಕೇಳಲಿ. ಕೇಳಿದ ಮೇಲೆ ಪೆನ್ನು ಕೆಳಗಿಟ್ಟು ಕಾಯಲಿ. ಉತ್ತರ ಚಿಕ್ಕದೇ, ಬರುವುದು ತುಸು ತಡ.

ಇಂತಿ,
ತಮ್ಮ ಅರವತ್ತಾರು ಮೆಟ್ಟಿಲುಗಳನ್ನು ಬೆನ್ನಿನಿಂದ ಬಲ್ಲ,
ಝೆಲ್ಯಾಸ್ಕೊ
ಮಗ್ಗ ರಿಪೇರಿ (ನಿವೃತ್ತ), ತಾತ (ಇನ್ನೂ ಸೇವೆಯಲ್ಲಿ)