ಬಾಲ್ಕನಿ ತೊಲೆಯ ಕೊಕ್ಕೆಗಳು

ಶುಕ್ರವಾರ
ಅಕ್ಕನ ಮನೆಯಿಂದ

ಕಂಟ್ರಾಕ್ಟರ್ ಸಾಹೇಬರಿಗೆ,

ಪ್ರೀತಿಯ ಅಂತ ಶುರು ಮಾಡಲು ಹೊರಟಿದ್ದೆ, ನೀವು ಕಳಿಸಿದ ಫೋಟೋ ನೋಡಿದ ಮೇಲೆ ಕೈ ಬರಲಿಲ್ಲ. ಫೋನಿನಲ್ಲಿ ಹೇಳಿದರೆ ಹ್ಞೂಂ ಹ್ಞೂಂ ಎನ್ನುತ್ತಾ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತೀರಿ. ಅದಕ್ಕೇ ಭಾವನ ಕೈಯಲ್ಲಿ ಈ ಕಾಗದ. ಎದುರಿಗೆ ನಿಂತು ಓದಿಸಿಯೇ ಬನ್ನಿ ಎಂದು ಅವರಿಗೆ ಹೇಳಿದ್ದೇನೆ.

ತಿಂಗಳುಗಟ್ಟಲೆ ಮುನಿಸಿಕೊಂಡು ಕೂತ ಹೆಂಡತಿಗೆ ಗಂಡನಾದವನು ಏನು ಕಳಿಸುತ್ತಾನೆ? ಹೂವು ಬೇಡ, ಎರಡು ಒಳ್ಳೆಯ ಮಾತಾದರೂ? ನೀವು ಕಂಬಿ ಕಟ್ಟಿದ ತೊಲೆಯ ಫೋಟೋ ಕಳಿಸಿದಿರಿ! ನಿನಗೋಸ್ಕರಾನೇ ಬಾಲ್ಕನಿ ಮಾಡಿಸ್ತಿದೀನಿ, ಸೋಮವಾರ ಕಾಂಕ್ರೀಟು, ಇನ್ನಾದ್ರೂ ಬಾ ಅಂತ ಕೆಳಗೊಂದು ಸಾಲು. ಅಲ್ಲ ರೀ, ಕಟ್ಟಡಗಳಿಗೆ ಕಂಬಿಯ ಲೆಕ್ಕ ಹಾಕಿ ಹೊಟ್ಟೆ ಹೊರೆಯುವವಳು ನಾನು. ನಿಮ್ಮ ನಗುಮುಖಕ್ಕಿಂತ ಮೊದಲು ಉದ್ದದ ಕಂಬಿಗಳನ್ನು ಸುತ್ತಿ ಕಟ್ಟಿದ ಆ ರಿಂಗುಗಳೇ ಕಣ್ಣಿಗೆ ಬಿದ್ದವು. ನಿಮ್ಮನ್ನು ನೋಡಿದ್ದು ಆಮೇಲೆ. ತುಂಬಾ ಇಳಿದುಹೋಗಿದ್ದೀರಿ, ಇರಲಿ, ಅದು ಬೇರೆ ವಿಷಯ.

ಒಂದು ರಿಂಗಿನ ತುದಿಯಾದರೂ ಒಳಕ್ಕೆ ಬಾಗಿದೆಯಾ? ಎಲ್ಲವೂ ಮೂಲೆಯ ಕಂಬಿಗೆ ಸುಮ್ಮನೆ ಒರಗಿಕೊಂಡಿವೆ, ಕೆಲಸವಿಲ್ಲದವರು ಗೋಡೆಗೆ ಒರಗಿದ ಹಾಗೆ. ಭಾರ ಮಿತಿಮೀರಿದರೆ ತೊಲೆ ಕಂಬದ ಹತ್ತಿರ ಓರೆಯಾಗಿ ಸೀಳುತ್ತದೆ. ಆ ಸೀಳು ಬಾಯಿಬಿಡದಂತೆ ಹಿಡಿಯುವುದು ರಿಂಗು. ರಿಂಗನ್ನು ಹಿಡಿದಿಡುವುದು ಅದರ ಬಾಗಿದ ತುದಿ, ಅದೇ ಕೊಕ್ಕೆ. ಅದು ಕಂಬಿಯನ್ನು ಸುತ್ತಿ ಕಾಂಕ್ರೀಟಿನ ಹೊಟ್ಟೆಯೊಳಗೆ ಹೊಕ್ಕಿರಬೇಕು. ಅಂಚಿನಲ್ಲೇ ಉಳಿದರೆ ಹೊರಪದರ ಉದುರಿದ ಕೂಡಲೇ ರಿಂಗು ಬಿಚ್ಚಿಕೊಳ್ಳುತ್ತದೆ. ನಾಳೆ ಅತ್ತೆ ದಿನಾ ಕುರ್ಚಿ ಹಾಕಿಕೊಂಡು ಕೂರುವುದು ಆ ತೊಲೆಯ ಕೆಳಗೇ, ನೆನಪಿರಲಿ.

ನಿಮ್ಮ ಉತ್ತರ ನನಗೆ ಗೊತ್ತು. ಕೊಕ್ಕೆ ಮೊದಲೇ ಬಾಗಿಸಿದರೆ ಉದ್ದದ ಕಂಬಿ ಕೂರಿಸುವುದು ಕಷ್ಟ, ಆಮೇಲೆ ಬಾಗಿಸೋಣ ಅಂದಿರುತ್ತೀರಿ. ಆಮೇಲೆ! ಈ ಒಂದು ಮಾತಿಗೇ ಅಲ್ಲವೇ ನಾನು ಮನೆ ಬಿಟ್ಟು ಬಂದದ್ದು? ಸೋರುವ ನಲ್ಲಿ ರಿಪೇರಿ ಆಮೇಲೆ, ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದು ಆಮೇಲೆ, ಅಳುತ್ತಾ ಕೂತವಳನ್ನು ಏನಾಯಿತು ಎಂದು ಕೇಳುವುದೂ ಆಮೇಲೆ. ಸಾಕಾಗಿಹೋಯಿತು ರೀ ನನಗೆ.

ಒಂದೊಂದು ಕೊಕ್ಕೆಯನ್ನೂ ಒಳಕ್ಕೆ ಬಾಗಿಸುವ ತನಕ ಕಾಂಕ್ರೀಟು ಹಾಕಿಸಬೇಡಿ. ಹಾಗೇ ಸುರಿದುಬಿಟ್ಟಿರೋ, ಆ ಬಾಲ್ಕನಿಗೆ ನಾನು ಕಾಲಿಡುವುದಿಲ್ಲ, ಆ ಮನೆಗೂ ಇಲ್ಲ. ಇದನ್ನು ಬೆದರಿಕೆ ಅಂದುಕೊಂಡರೂ ಸರಿಯೇ.

ಇಂತಿ,
ನಿಮ್ಮ ತಲೆನೋವು

ತಾ.ಕ.: ಬಾಗಿಸಿದ್ದೇನೆ ಎಂದು ಮತ್ತೊಂದು ಫೋಟೋ ಕಳಿಸುವ ಉಪಕಾರ ಬೇಡ. ಭಾನುವಾರ ಸಂಜೆ ನಾನೇ ಬಂದು ಒಂದೊಂದನ್ನೂ ಮುಟ್ಟಿ ನೋಡುತ್ತೇನೆ. ಸೂಟ್‌ಕೇಸು ಭಾರವಿದೆ, ಬಸ್ ಸ್ಟ್ಯಾಂಡಿಗೆ ಬನ್ನಿ. ಆಮೇಲೆ ಅಲ್ಲ, ಬಸ್ಸು ಬರುವ ಮೊದಲೇ.