ವಾಸಂತಿಯ ಜೀವಕೋಶಗಳು

೧೪ ಅಕ್ಟೋಬರ್ ೧೯೮೭, ಬುಧವಾರ, ಕುಂದಲಹಳ್ಳಿ

ಲ್ಯಾಬಿನಲ್ಲಿ ನನಗಿಂತ ಕಿರಿಯಳಾದ ವಾಸಂತಿಯ ಮೇಲಿನ ಹೊಟ್ಟೆಕಿಚ್ಚಿಗೆ ನಿದ್ದೆಯೇ ಬರುತ್ತಿಲ್ಲ. ಮಯೊಸಿನ್ ಎಂಬ ಮೋಟಾರ್ ಪ್ರೋಟೀನು ಇಲ್ಲದ ಜೀವಕೋಶ ಹಿಂದುಮುಂದು ತಿಳಿಯದೆ, ಎಲ್ಲ ಕಡೆಗೂ ಕಾಲು ಚಾಚಿ, ದಾರಿ ಸಾಗದೆ ಒದ್ದಾಡುತ್ತದೆಂದು ಇವತ್ತು ಲ್ಯಾಬಿನಲ್ಲಿ ತೋರಿಸಿದಳು. ಅಂಥ ಕೋಶಗಳನ್ನು ನಾನು ಕಾಯಿಲೆಯವೆಂದು ವರ್ಷವಿಡೀ ತೊಳೆದು ಚೆಲ್ಲಿದ್ದೆ.

"ನೀನು ಕೋಶದ ಮೂತಿ ನೋಡ್ತಾ ಕೂತೆ, ಅವಳು ಬಾಲ ನೋಡಿದ್ಲು ಕಣೋ ದಾಸಪ್ಪ," ಎಂದರು ನಮ್ಮ ಲ್ಯಾಬಿನ ಮುಖ್ಯಸ್ಥ ಕೃಷ್ಣಸ್ವಾಮಿ ಮೇಷ್ಟ್ರು.

ಸಂಜೆ ಈ ಶೋಧವನ್ನು ಪರದೆಯ ಮೇಲೆ ನೋಡಲು ಅತಿಥಿಗಳು ಬಂದಾಗ ವಾಸಂತಿ ನನ್ನತ್ತ ತಿರುಗಿ, "ನೀವೇ ಹೇಳಿ ಸಾರ್, ನಿಮ್ ಥರ ಕಥೆ ಕಟ್ಟಕ್ಕೆ ನಂಗೆ ಬರಲ್ಲ," ಎಂದಳು. ಕೆಸರಲ್ಲಿ ಹೂತ ಗಾಡಿಯನ್ನು ಹಿಂದಿನಿಂದ ದೂಡುವ ಹಾಗೆ ಮಯೊಸಿನ್ ಕೋಶದ ಬಾಲವನ್ನು ಹಿಂಡಿ ಮುಂದಕ್ಕೆ ಸಾಗಿಸುವುದನ್ನು ನಗಿಸಿ ನಗಿಸಿ ಹೇಳಿದೆ. ಹೇಳುವಷ್ಟು ಹೊತ್ತು ಆ ಶೋಧ ನನ್ನದೇ ಆಗಿತ್ತು. ಮುಗಿದ ಮೇಲೆ ಎಲ್ಲರೂ ಎದ್ದು ಅವಳನ್ನು ಸುತ್ತುವರಿದರು. ನಾನು ಪ್ರೊಜೆಕ್ಟರಿನ ವೈರು ಸುತ್ತುತ್ತಾ ನಿಂತೆ.